ಸಹಿ ಇರುವ ಹಾಳೆಗೆ ಇಷ್ಟೊಂದು ಕಾವಲೇ?

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ಮೈಸೂರಿನ ಹಳೆಯ ಗ್ರಂಥಾಲಯವೊಂದರಲ್ಲಿ ಅಪರೂಪದ ಕವನ ಸಂಗ್ರಹವೊಂದು ಕೈಗೆ ಸಿಕ್ಕಿತು. ಮೊದಲ ಹಾಳೆಯಲ್ಲಿ ಕವಿಯೇ ಗೆಳೆಯನಿಗೆ ಬರೆದುಕೊಟ್ಟ ನಾಲ್ಕು ಸಾಲು, ಕೆಳಗೆ ಸಹಿ. ಮೊಬೈಲ್ ತೆಗೆದ ಕೂಡಲೇ ಸಿಬ್ಬಂದಿ ‘ಫೋಟೋ ಹೊಡೆಯುವ ಹಾಗಿಲ್ಲ’ ಎಂದರು. ಇದು ಸರಿಯೇ?

ಮೇಷ್ಟ್ರೇ, ಮೊದಲು ಸಿಬ್ಬಂದಿಯ ಪರವಾಗಿ ಎರಡು ಮಾತು. ಹಳೆಯ ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ಫ್ಲ್ಯಾಶ್ ಹೊಡೆಯುತ್ತಾರೆ. ಎರಡು ಮಾತು ಮುಗಿಯಿತು.

ಅಚ್ಚಾದ ಕವನ ಇನ್ನೆಲ್ಲಾದರೂ ಸಿಕ್ಕೀತು. ಆ ನಾಲ್ಕು ಸಾಲು ಇರುವುದು ಅದೊಂದೇ ಪ್ರತಿಯಲ್ಲಿ. ಮೊದಲು ಹಾಳಾಗುವುದೂ ಅದೇ ಹಾಳೆ. ಸರಿಯಾಗಿ ಸಹಿಯ ಮೇಲೇ ಮೊಹರು ಕುಟ್ಟುತ್ತಾರೆ. ತಾರೀಖಿನ ಚೀಟಿಗೂ ಅದೇ ಜಾಗ ಬೇಕು. ರಟ್ಟು ಬದಲಿಸುವಾಗ ಬೈಂಡರ್ ‘ಖಾಲಿ ಹಾಳೆ ಅಲ್ವಾ’ ಅಂತ ಎಸೆದುಬಿಡುತ್ತಾನೆ. ಉಳಿಸಿದರೂ ಅಂಚು ಕತ್ತರಿಸುವಾಗ ಅರ್ಧ ಹೆಸರು ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ನಾನು ಕಂಡಿದ್ದ ಒಂದು ಸಹಿಯನ್ನು ಹತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿದ್ದೆ. ಪುಸ್ತಕ ಇತ್ತು, ಹೊಸ ಕೆಂಪು ರಟ್ಟಿನಲ್ಲಿ ಮದುವಣಗಿತ್ತಿಯ ಹಾಗೆ. ಸಹಿ ಇರಲಿಲ್ಲ.

ಇದೇ ಮೈಸೂರಿನ ಓರಿಯೆಂಟಲ್ ಲೈಬ್ರರಿ 1891ರಲ್ಲಿ ಶುರುವಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ಓಲೆಗರಿಯ ಕಟ್ಟು ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ಕಟ್ಟು ಜೋಪಾನವಾಗಿದ್ದರೆ ಸಾಕು ಅಂತ ಬೀರುವಿಗೆ ಸೇರಿಸಿ ಸುಮ್ನೆ ಕೂತಿದ್ದರೆ?

ಕಾಪಿರೈಟ್ ಅಂತ ಹೆದರಿಸುವವರೂ ಇದ್ದಾರೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ನಿಜ. ಆದರೆ ಅದೇ 1957ರ ಕಾಯ್ದೆ ಸ್ವಂತ ಅಧ್ಯಯನಕ್ಕೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಒಂದು ಹಾಳೆಯ ಫೋಟೋದಿಂದ ಯಾರ ಗಂಟು ಹೋಗುತ್ತದೆ? ನಮ್ಮಲ್ಲಿ ಓದುವವನು ಅರ್ಜಿ ಬರೆಯಬೇಕು, ಗುರುತಿನ ಚೀಟಿ ತೋರಿಸಬೇಕು, ನಾಳೆ ಬರಬೇಕು. ಗೆದ್ದಲನ್ನು ಮಾತ್ರ ಯಾರೂ ಅರ್ಜಿ ಕೇಳಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಸಿಬ್ಬಂದಿಯ ಮುಖ, ಫ್ಯಾನಿನ ಸದ್ದು, ವಾಪಸ್ ಬರುವಾಗಿನ ರೈಲಿನ ನೂಕುನುಗ್ಗಲು, ಎಲ್ಲ ಸೇರಿ ನಾಲ್ಕು ಪುಟ ಬರೆದಿದ್ದೀರಿ. ಆ ನಾಲ್ಕು ಸಾಲು ಏನು ಅಂತ ಎಲ್ಲೂ ಇಲ್ಲ! ಫೋಟೋ ಬೇಡ ಎಂದರು, ಸರಿ. ಬರೆದುಕೊಳ್ಳಬೇಡಿ ಅಂದರೇ? ಜೀವಮಾನವೆಲ್ಲ ಮಕ್ಕಳ ಕೈಲಿ ಕಾಪಿ ಬರೆಸಿದವರು ನೀವು.

ಇನ್ನೊಮ್ಮೆ ಹೋಗಿ. ಪೆನ್ಸಿಲ್ ಒಯ್ಯಿರಿ, ಹಳೆಯ ಪುಸ್ತಕದ ಹತ್ತಿರ ಪೆನ್ನು ಬೇಡ. ಮುಖ್ಯಸ್ಥರನ್ನೇ ಕಂಡು ಲಿಖಿತ ಅನುಮತಿ ಕೇಳಿ. ಕೊಟ್ಟರೆ ಫ್ಲ್ಯಾಶ್ ಆರಿಸಿ, ರಟ್ಟಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಕಿಟಕಿಯ ಓರೆ ಬೆಳಕಲ್ಲಿ ತೆಗೆಯಿರಿ. ಮಾಸಿದ ಅಕ್ಷರದ ಒತ್ತೂ ಕಾಣುತ್ತದೆ. ಪುಸ್ತಕದ ನಂಬರಿನದೂ ಒಂದು ಇರಲಿ. ಕೊಡದಿದ್ದರೆ ಕೈಯಲ್ಲಿ ನಕಲು ಮಾಡಿ ನನಗೆ ಕಳಿಸಿ. ಆ ಗೆಳೆಯ ಯಾರು ಅಂತ ತಿಳಿಯದೆ ಎರಡು ದಿನದಿಂದ ನನಗೆ ನಿದ್ದೆ ಇಲ್ಲ.

—ಸಂ.