ಮೂರು ಬೆಕ್ಕಿರುವ ಫ್ಲ್ಯಾಟಿಗೆ ಜಾಸ್ತಿ ಕೆಲಸ ಕೊಡದ ಲಿಟರ್ ಬಾಕ್ಸ್ ಯಾವುದು?

ಮೂರು ಬೆಕ್ಕು, ಎರಡು ಬೆಡ್‌ರೂಮಿನ ಫ್ಲ್ಯಾಟು, ಗಂಡ ಹೆಂಡತಿ ಇಬ್ಬರಿಗೂ ಆಫೀಸು. ದಿನಾ ತಲೆನೋವು ಕೊಡದ ಲಿಟರ್ ಬಾಕ್ಸ್ (ಬೆಕ್ಕು ಕಕ್ಕ, ಉಚ್ಚೆ ಮಾಡಲು ಲಿಟರ್ ಅನ್ನುವ ಮರಳಿನಂಥದ್ದನ್ನು ತುಂಬಿಡುವ ಡಬ್ಬ) ಯಾವುದು, ತಾನೇ ಶುಚಿ ಮಾಡಿಕೊಳ್ಳುವ ಆಟೋಮ್ಯಾಟಿಕ್ ತಗೊಂಡುಬಿಡಬಹುದಾ ಅಂತ ಕೇಳಿದ್ದೀರಿ. ನಮ್ಮನೆಯಲ್ಲೂ ಮೂರಿವೆ, ಬೆಂಗಳೂರಿನ ಫ್ಲ್ಯಾಟಿನಲ್ಲೇ. ನನ್ನನ್ನು ಕೇಳಿದರೆ ಆಟೋಮ್ಯಾಟಿಕ್ ಸದ್ಯಕ್ಕೆ ಬೇಡ. ಪೆಟ್ ಶಾಪಿಗೂ ಹೋಗಬೇಡಿ. ಅಳತೆ ಟೇಪ್ ಹಿಡಿದುಕೊಂಡು ಬಕೆಟ್, ಟಬ್ ಮಾರುವ ಪ್ಲಾಸ್ಟಿಕ್ ಅಂಗಡಿಗೆ ಹೋಗಿ.

ಅಲ್ಲಿ ಕಂಬಳಿ, ಬೆಡ್‌ಶೀಟ್ ತುಂಬಿಡುವ ದೊಡ್ಡ ಸ್ಟೋರೇಜ್ ಡಬ್ಬಗಳಿರುತ್ತವೆ. ನಿಮ್ಮ ಬೆಕ್ಕುಗಳಲ್ಲಿ ಉದ್ದದ್ದು ಯಾವುದೋ ಅದನ್ನು ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ. ಡಬ್ಬ ಅದರ ಒಂದೂವರೆ ಪಟ್ಟು ಉದ್ದ ಇರಬೇಕು. ಮಾಮೂಲಿ ಬೆಕ್ಕಿಗೆ 65-70 ಸೆಂಟಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಲಿಟರ್ ಟ್ರೇ ಅಂತ ಕೊಡುವುದು ಇಷ್ಟು ದೊಡ್ಡದಿರುವುದು ಕಡಿಮೆ. ಬೆಕ್ಕಿಗೆ ತಿರುಗಾಡಲು ಜಾಗ ಸಾಲದಿದ್ದರೆ ಅದು ಮುಂಗಾಲು ಒಳಗಿಟ್ಟು, ಹಿಂಭಾಗ ಅಂಚಿನ ಮೇಲೆ ಇಟ್ಟು ಕೂರುತ್ತದೆ. ಆಮೇಲೆ ನೆಲ ಒರೆಸುವವರು ನೀವೇ.

ಮುಚ್ಚಳ ಬೇಡ. ಡಬ್ಬದ ಒಂದು ಬದಿಯನ್ನು ಕಟ್ಟರಿನಿಂದ ಯು ಆಕಾರದಲ್ಲಿ ಕೊಯ್ದು ಬಾಗಿಲು ಮಾಡಿ. ಕೆಳಗೆ ಐದು ಇಂಚಿನಷ್ಟು ಅಂಚು ಉಳಿಯಲಿ. ಕೊಯ್ದ ಜಾಗವನ್ನು ಸ್ಯಾಂಡ್‌ಪೇಪರ್ ಹಾಕಿ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ಹೊಟ್ಟೆಗೆ ಗೀರುತ್ತದೆ. ಉಳಿದ ಮೂರು ಗೋಡೆ ಎತ್ತರ ಇರುವುದರಿಂದ ನಿಂತೇ ಉಚ್ಚೆ ಹೊಯ್ಯುವ ಬೆಕ್ಕಿದ್ದರೂ ಹೊರಗೆ ಹೋಗುವುದಿಲ್ಲ, ಕೆರೆದಾಗ ಲಿಟರ್ ಕೂಡ ಅಷ್ಟಾಗಿ ಚೆಲ್ಲುವುದಿಲ್ಲ. ಮೇಲಿನಿಂದ ಧುಮುಕುವ ಥರದ ಬಾಕ್ಸ್ ನೋಡಲು ಚೆಂದ, ಆದರೆ ವಯಸ್ಸಾಗಿ ಕೀಲುನೋವು ಬಂದ ಬೆಕ್ಕಿಗೆ ಅದು ಶಿಕ್ಷೆ.

ಎಷ್ಟು ಬೇಕು? ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಜಾಸ್ತಿ ಅಂತ ಪಶುವೈದ್ಯರು ಹೇಳುತ್ತಾರೆ. ನಿಮಗೆ ನಾಲ್ಕು. ಜಾಗ ಇಲ್ಲ ಅಂದರೆ ಮೂರಾದರೂ ಇಡಿ, ಆದರೆ ಸಾಲಾಗಿ ಒಂದೇ ಕಡೆ ಬೇಡ. ಅಕ್ಕಪಕ್ಕ ಇಟ್ಟ ಮೂರು ಬಾಕ್ಸ್ ಬೆಕ್ಕಿನ ಲೆಕ್ಕದಲ್ಲಿ ಒಂದೇ. ನಮ್ಮನೆ ಹಿರಿಯ ಹೆಣ್ಣುಬೆಕ್ಕು ಯುಟಿಲಿಟಿ ಬಾಗಿಲಲ್ಲಿ ಕಾಲು ಮಡಚಿಕೊಂಡು ಸುಮ್ನೆ ಕೂರುತ್ತಾಳೆ. ಗುರ್ ಅನ್ನುವುದೂ ಇಲ್ಲ, ಬರೀ ನೋಡುತ್ತಾಳೆ. ಚಿಕ್ಕವನು ಅಷ್ಟಕ್ಕೇ ಹಿಂದಿರುಗಿಬಿಡುತ್ತಾನೆ. ಬಾತ್‌ರೂಮಿನಲ್ಲಿ ಇನ್ನೊಂದು ಇರುವುದರಿಂದ ಬಚಾವ್, ಇಲ್ಲದಿದ್ದರೆ ಸೋಫಾನೇ ಗತಿ. ವಾಷಿಂಗ್ ಮಷೀನ್ ಪಕ್ಕ, ಊಟದ ತಟ್ಟೆ ಪಕ್ಕ ಇಡಬೇಡಿ.

ಕೆಲಸ ಕಡಿಮೆ ಮಾಡುವುದು ನಿಜವಾಗಿ ಲಿಟರ್. ಒದ್ದೆಯಾದರೆ ಗಟ್ಟಿ ಉಂಡೆ ಕಟ್ಟುವ ಬೆಂಟೋನೈಟ್ ಜೇಡಿಮಣ್ಣಿನ ಲಿಟರ್ ತಗೊಳ್ಳಿ, ಪರಿಮಳ ಹಾಕಿರುವುದು ಬೇಡ. ಎರಡೂವರೆ-ಮೂರು ಇಂಚು ಹಾಕಿ. ಉಳಿಸೋಣ ಅಂತ ತೆಳ್ಳಗೆ ಹಾಕಿದರೆ ಉಚ್ಚೆ ತಳಕ್ಕಿಳಿದು ಸಿಮೆಂಟಿನಂತೆ ಅಂಟುತ್ತದೆ, ಕೆರೆದು ಕೆರೆದು ಸಾಕಾಗುತ್ತದೆ. ಮರದ ಪೆಲೆಟ್ ಅಗ್ಗ, ಆದರೆ ನೆನೆದು ಹುಡಿಯಾಗುತ್ತದೆ. ಮೂರು ಬೆಕ್ಕಿದ್ದರೆ ಜರಡಿ ಹಿಡಿಯುವುದೇ ಕೆಲಸವಾಗುತ್ತದೆ. ಸೋಯಾ ಹಿಂಡಿಯಿಂದ ಮಾಡುವ ತೋಫು ಲಿಟರ್‌ನಲ್ಲಿ ಧೂಳು ಕಡಿಮೆ, ಮಳೆಗಾಲದಲ್ಲಿ ಮಾತ್ರ ಚೀಲ ಗಟ್ಟಿಯಾಗಿ ಕಟ್ಟಿಡಿ, ಬೂಸ್ಟು ಹಿಡಿಯುತ್ತದೆ. ಫ್ಲಶ್ ಮಾಡಬಹುದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ಅಪಾರ್ಟ್‌ಮೆಂಟ್ ಪೈಪಿಗೆ ಬಿಡಬೇಡಿ. ಎರಡು-ಮೂರು ತಿಂಗಳ ಮರಿ ಇದ್ದರೆ ಉಂಡೆ ಕಟ್ಟುವ ಲಿಟರ್ ಬೇಡ, ಅವು ತಿಂದುಬಿಡುತ್ತವೆ.

ಇಷ್ಟಾದರೆ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಕೂಪ್ ಮಾಡಿದರೆ, ಅಂದರೆ ಜಾಲರಿ ಸೌಟಿನಿಂದ ಉಂಡೆ, ಕಕ್ಕ ಎತ್ತಿದರೆ ಸಾಕು. ಐದು-ಹತ್ತು ನಿಮಿಷದ ಕೆಲಸ, ಅಲ್ವಾ? ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಇದ್ದರೆ ಅದು ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ದಿನಾ ತೆಗೆಯಿರಿ ಅನ್ನುವುದು ಅದಕ್ಕೂ ಸೇರಿಯೇ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ.

ಇನ್ನು ಆಟೋಮ್ಯಾಟಿಕ್. ಬೆಲೆ ಹತ್ತಾರು ಸಾವಿರ. ಸೆನ್ಸರ್ ತೂಕ ನೋಡಿ ನಡೆಯುವಂಥದ್ದಾದರೆ ಮರಿ ಒಳಗಿದ್ದರೆ ಗೊತ್ತಾಗದೇ ಹೋಗಬಹುದು. ಶಬ್ದಕ್ಕೆ ಹೆದರುವ ಬೆಕ್ಕು ಆ ಕಡೆ ಸುಳಿಯುವುದೂ ಇಲ್ಲ. ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಸ್ಕೂಪ್ ಮಾಡುವಾಗ ಉಚ್ಚೆಯ ಉಂಡೆ ಎಷ್ಟು, ಯಾವ ಗಾತ್ರ ಅಂತ ಕಣ್ಣಿಗೆ ಬೀಳುತ್ತದೆ. ದಿನಾ ನಿಂಬೆಹಣ್ಣಿಗಿಂತ ದೊಡ್ಡದಿದ್ದದ್ದು ಗೋಲಿಯಷ್ಟಾದರೆ ಯಾರಿಗೋ ಏನೋ ಆಗಿದೆ ಅಂತ ಲೆಕ್ಕ. ಗಂಡುಬೆಕ್ಕಿಗೆ ಮೂತ್ರದ ದಾರಿ ಕಟ್ಟಿಕೊಳ್ಳುವುದುಂಟು. ಬಾಕ್ಸಿಗೆ ಪದೇ ಪದೇ ಹೋಗಿ ತಿಣುಕಿದರೂ, ಒಂದು ಹನಿಯೂ ಬರಲಿಲ್ಲ ಅಂದರೆ ನಾಳೆ ನೋಡೋಣ ಅನ್ನುವಂತಿಲ್ಲ, ಆಗಲೇ ಡಾಕ್ಟರ ಬಳಿ ಓಡಬೇಕು. ಮಷೀನು ಎಲ್ಲವನ್ನೂ ಡ್ರಾಯರಿಗೆ ತಳ್ಳಿಬಿಟ್ಟರೆ ಉಂಡೆ ನೋಡುವವರು ಯಾರು?

ತೊಳೆಯುವ ವಿಷಯ ಒಂದು ಹೇಳಲೇಬೇಕು. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಫಿನೈಲ್, ಡೆಟಾಲ್ ಎರಡೂ ಬೇಡ. ಅವುಗಳಲ್ಲಿರುವ ಫೀನಾಲ್ ಜಾತಿಯ ಪದಾರ್ಥವನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಿಕೊಳ್ಳಲಾರದು. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ. ಬ್ಲೀಚ್ ಕೂಡ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕೆಟ್ಟ ಗಾಳಿ ಬರುತ್ತದೆ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಡಿ.

ಹೊಸ ಡಬ್ಬ ಬಂತು ಅಂತ ಹಳೇ ಟ್ರೇ ಅವತ್ತೇ ಬಿಸಾಡಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಹಳೆಯದರ ಒಂದು ಹಿಡಿ ಲಿಟರನ್ನು ಹೊಸದಕ್ಕೆ ಬೆರೆಸಿ. ಮೂರೂ ಹೊಸದಕ್ಕೆ ಹೋಗುವುದು ನೋಡಿಕೊಂಡು ಆಮೇಲೆ ಹಳೆಯದನ್ನು ತೆಗೆಯಿರಿ.