ಬೇಸ್‌ಬಾಲ್‌ನಲ್ಲಿ ಮರದ ಬ್ಯಾಟಿಗಿಂತ ಲೋಹದ ಬ್ಯಾಟಿನಿಂದ ಚೆಂಡು ಹೆಚ್ಚು ದೂರ ಹೋಗುವುದೇಕೆ?

ಲೋಹದ ಬ್ಯಾಟಿನ ಒಳಗು ಟೊಳ್ಳಾಗಿದ್ದು, ಅದರ ತೆಳು ಗೋಡೆ ಸ್ಪ್ರಿಂಗಿನಂತೆ ಬಾಗಿ ಮರಳುವುದೇ ಇದಕ್ಕೆ ಮುಖ್ಯ ಕಾರಣ. ಗಟ್ಟಿ ಮರಕ್ಕೆ ಬಡಿದಾಗ ಚೆಂಡೇ ಬಹಳಷ್ಟು ಅಮುಕಿಹೋಗಿ, ಅದರ ಶಕ್ತಿಯ ದೊಡ್ಡ ಪಾಲು ಒಳಗಿನ ನೂಲು, ರಬ್ಬರುಗಳ ತಿಕ್ಕಾಟದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಗೋಡೆಯಾದರೋ ತಾನೂ ಕೊಂಚ ತಗ್ಗಿ, ಹೀರಿದ ಶಕ್ತಿಯ ಹೆಚ್ಚಿನಂಶವನ್ನು ಚೆಂಡಿಗೆ ಹಿಂತಿರುಗಿಸುತ್ತದೆ. ಶಹಾಬಾದ್ ಕಲ್ಲಿನ ನೆಲಕ್ಕಿಂತ ಬಿಗಿಯಾದ ನವಾರದ ಮಂಚದ ಮೇಲೆ ಮಕ್ಕಳು ಎತ್ತರಕ್ಕೆ ಪುಟಿಯುವುದನ್ನು ಕಂಡಿರುವ ನಮ್ಮ ಕಲಬುರಗಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಟೊಳ್ಳು ಬ್ಯಾಟಿನ ತುದಿ ಹಗುರವಾದ್ದರಿಂದ ಬೀಸುವುದೂ ಸುಲಭ. ಈ ಅನುಕೂಲ ಅತಿಯಾಯಿತೆಂದೇ ಅಮೆರಿಕದ ಕಾಲೇಜು ಪಂದ್ಯಗಳಲ್ಲಿ 2011ರಿಂದ ಲೋಹದ ಬ್ಯಾಟಿನ ಪುಟಿತವನ್ನು ಮರದ ಬ್ಯಾಟಿನ ಮಟ್ಟದ ಸಮೀಪಕ್ಕೆ ಇಳಿಸಲಾಗಿದೆ; ಅಲ್ಲಿನ ಅತ್ಯುನ್ನತ ವೃತ್ತಿಪರ ಸ್ಪರ್ಧೆಯಾದ ಮೇಜರ್ ಲೀಗ್‌ನ ಪಂದ್ಯಗಳಲ್ಲಂತೂ ಒಂದೇ ತುಂಡು ಮರದಿಂದ ಮಾಡಿದ ಬ್ಯಾಟಿಗೆ ಮಾತ್ರ ಅವಕಾಶವಿದೆ.