ಓದುವಾಗ ಎಲ್ಲ ಗೊತ್ತು, ಬರೆಯಲು ಕೂತರೆ ಬರುವುದಿಲ್ಲ: ನೆನಪು, ನೋಟ, ಬುದ್ಧಿಮತ್ತೆ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂದೊಂದು ಅಧ್ಯಾಯವನ್ನೂ ನಾಲ್ಕೈದು ಸಲ ಓದುತ್ತೇನೆ, ಮುಖ್ಯ ಸಾಲುಗಳಿಗೆ ಬಣ್ಣ ಹಚ್ಚುತ್ತೇನೆ. ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಲೆ ಖಾಲಿ. ಜ್ಞಾಪಕಶಕ್ತಿಯ ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ಮಾತ್ರೆ ಬೇಡ. ನೀವು ಹೇಳಿರುವುದನ್ನು ನೋಡಿದರೆ ತೊಂದರೆ ಇರುವುದು ಓದುವ ಕ್ರಮದಲ್ಲಿ.

ಕಣ್ಣೆದುರು ಇರುವುದನ್ನು ‘ಇದು ಗೊತ್ತು’ ಎಂದು ಗುರುತು ಹಿಡಿಯುವುದು ಒಂದು ಕೆಲಸ. ಎದುರಿಗೆ ಏನೂ ಇಲ್ಲದಾಗ ತಲೆಯಿಂದ ಹೊರಗೆ ತರುವುದು ಇನ್ನೊಂದು. ಮತ್ತೆ ಮತ್ತೆ ಓದುವುದರಿಂದ ಪಳಗುವುದು ಮೊದಲನೆಯದು ಮಾತ್ರ. ನಾಲ್ಕನೇ ಸಲ ಓದುವಾಗ ಸಾಲುಗಳು ಸರಾಗವಾಗಿ ಸಾಗುತ್ತವೆ, ಆ ಸರಾಗವನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಪರೀಕ್ಷೆ ಕೇಳುವುದು ಎರಡನೆಯದನ್ನು, ಅದರ ಅಭ್ಯಾಸ ನಿಮಗೆ ಒಂದು ಸಲವೂ ಆಗಿರುವುದಿಲ್ಲ.

ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ: ಶೇ 83, ಬರೆದವರದು ಶೇ 71. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ಮೊದಲ ಗುಂಪು ಆ ಭಾಗವನ್ನು ಸರಾಸರಿ 14 ಸಲ ಓದಿತ್ತು, ಎರಡನೆಯದು ಮೂರು ಸಲಕ್ಕಿಂತ ತುಸು ಹೆಚ್ಚು. ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಮಾತ್ರ ಓದಿದವರಲ್ಲೇ ಜಾಸ್ತಿ ಇತ್ತು. ನಿಮಗೆ ಆಗುತ್ತಿರುವುದೂ ಇದೇ.

ಹಾಗಾದರೆ ಹೀಗೆ ಮಾಡಿ. 20ರಿಂದ 25 ನಿಮಿಷ ಓದಿ ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಹತ್ತು ನಿಮಿಷ, ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಕ್ರಮ ತಪ್ಪಿದರೂ ಚಿಂತೆಯಿಲ್ಲ. ಏನೂ ಹೊಳೆಯದೆ ಕೂತ ಆ ಒಂದೆರಡು ನಿಮಿಷಗಳಲ್ಲಿ ಪುಟದ ಕಡೆ ಕೈ ಹೋಗುತ್ತದೆ, ತಡೆಯಿರಿ. ಕಲಿಕೆ ನಡೆಯುವುದು ಆ ತಿಣುಕಾಟದಲ್ಲೇ. ಆಮೇಲೆ ಪುಸ್ತಕ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ಬಿಟ್ಟದ್ದನ್ನು ಸೇರಿಸಿ, ತಪ್ಪನ್ನು ತಿದ್ದಿ. ಈ ತಿದ್ದುವ ಹಂತವನ್ನು ಹಾರಿಸುವವರು ಬಹಳ ಮಂದಿ. ತಿದ್ದದೆ ಬಿಟ್ಟರೆ ತಪ್ಪು ಉತ್ತರವೇ ಗಟ್ಟಿಯಾಗಿ ಕೂರುತ್ತದೆ.

ಮರುದಿನ ಪುಸ್ತಕ ತೆರೆಯುವ ಮೊದಲೇ ಇನ್ನೊಮ್ಮೆ ಬರೆಯಿರಿ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ಅಳೆದಾಗ, ಮತ್ತೆ ಕಲಿಯುವಾಗ ಆಗುವ ಶ್ರಮದ ಉಳಿತಾಯ 20 ನಿಮಿಷದಲ್ಲೇ ಶೇ 58ಕ್ಕೆ ಇಳಿದಿತ್ತು, ಒಂದು ದಿನಕ್ಕೆ ಶೇ 34ರ ಆಸುಪಾಸಿಗೆ. ಅಲ್ಲಿಂದ 31 ದಿನವಾದರೂ ಶೇ 21 ಉಳಿದಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಸೋರುವುದಿಲ್ಲ, ಆದರೆ ಇಳಿಜಾರಿನ ಆಕಾರ ಅದೇ: ಮೊದಲ ದಿನ ಕಡಿದು, ಆಮೇಲೆ ನಿಧಾನ.

ನಂತರದ ಅಂತರ ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ. ವಾರದಲ್ಲಿ ಪರೀಕ್ಷೆ ಇದ್ದರೆ ಎರಡು ಸುತ್ತಿನ ನಡುವೆ ಒಂದೆರಡು ದಿನ ಸಾಕು; ವರ್ಷದ ನಂತರವೂ ಬೇಕೆಂದರೆ ಮೂರರಿಂದ ಐದು ವಾರ ಬಿಡಬಹುದು. ಎರಡನೇ ಸುತ್ತಿನಲ್ಲಿ ಅರ್ಧವೂ ಬರದಿದ್ದರೆ ಅಂತರ ಜಾಸ್ತಿಯಾಗಿದೆ, ಅಥವಾ ಮೊದಲಿಗೇ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಈ ವಿಧಾನವೂ ಉಳಿಸಿಕೊಡದು. ನೋಡಿಕೊಂಡು ಅಂದವಾಗಿ ನೋಟ್ಸ್ ಬರೆಯುವುದು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ನಕಲು. ಮತ್ತೆ, ಹಿಂದಿನ ರಾತ್ರಿ ನಿದ್ದೆಗೆಟ್ಟು ಗಳಿಸುವ ಎರಡು ಗಂಟೆಗಿಂತ ಕಳೆದುಕೊಳ್ಳುವುದೇ ಹೆಚ್ಚು. ಹೊಸ ನೆನಪು ಗಟ್ಟಿಯಾಗಲು ನಿದ್ದೆ ಬೇಕು.

ಪ್ರಶ್ನೆ: ಏನೋ ತರಲೆಂದು ಒಳಕೋಣೆಗೆ ಹೋಗುತ್ತೇನೆ. ಹೋದ ಮೇಲೆ ಯಾಕೆ ಬಂದೆ ಎಂಬುದೇ ಮರೆತಿರುತ್ತದೆ.

ಉತ್ತರ: ಬಾಗಿಲು ದಾಟಿದಾಗ ಮಿದುಳು ಹಿಂದಿನ ಸನ್ನಿವೇಶವನ್ನು ಮುಗಿಸಿ ಹೊಸದನ್ನು ಆರಂಭಿಸುತ್ತದೆ ಎಂದು ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಂಗಡಿಗರ ಪ್ರಯೋಗಗಳು ಸೂಚಿಸುತ್ತವೆ. ದಾರಿಯಲ್ಲಿ ಬೇರೆ ಯೋಚನೆಯೂ ಸೇರಿಕೊಂಡರೆ ಉದ್ದೇಶ ಜಾರಿಹೋಗುತ್ತದೆ. ಹೊರಡುವಾಗ ‘ಕತ್ತರಿ’ ಎಂದು ಬಾಯಿಬಿಟ್ಟು ಹೇಳಿಕೊಂಡು ಹೋಗಿ. ಮರೆತೇ ಹೋದರೆ ಹೊರಟ ಜಾಗಕ್ಕೇ ವಾಪಸ್ ಬನ್ನಿ, ಅಲ್ಲಿ ಕಂಡದ್ದೇ ನೆನಪಿಸುತ್ತದೆ. ಕಾಯಿಲೆಯೇನೂ ಅಲ್ಲ.

ಪ್ರಶ್ನೆ: ನನಗೆ 58 ವರ್ಷ. ಎದುರಿಗೆ ಬಂದವರ ಮುಖ ಗೊತ್ತು, ಕೆಲಸ ಗೊತ್ತು, ಹೆಸರು ಮಾತ್ರ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅಲ್ಝೈಮರ್‌ನ ಆರಂಭವೇ ಎಂಬ ಭಯ.

ಉತ್ತರ: ಇದೊಂದೇ ಲಕ್ಷಣವಾದರೆ ಭಯ ಬೇಡ. ಪದವೊಂದನ್ನು ಆಡುವಾಗ ಮಿದುಳು ಮೊದಲು ಅರ್ಥವನ್ನು, ಆಮೇಲೆ ಅದರ ಧ್ವನಿರೂಪವನ್ನು ಹುಡುಕುತ್ತದೆ. ನಿಮ್ಮಲ್ಲಿ ಮೊದಲನೆಯದು ಆಗಿದೆ, ಎರಡನೆಯದು ಅರ್ಧದಲ್ಲಿ ನಿಂತಿದೆ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ ಈ ಸ್ಥಿತಿಯಲ್ಲಿರುವವರನ್ನು ಪರೀಕ್ಷಿಸಿದಾಗ, ಪದ ಹೊಳೆಯದಿದ್ದರೂ ಅದರ ಮೊದಲ ಅಕ್ಷರವನ್ನು ಅರ್ಧಕ್ಕಿಂತ ಹೆಚ್ಚು ಸಲ ಅವರು ಸರಿಯಾಗಿ ಹೇಳಿದರು. ಹೆಸರಿಗೇ ಇದು ಹೆಚ್ಚು ಕಾಡಲು ಕಾರಣವಿದೆ. ‘ವಕೀಲ’ ಎಂದರೆ ಕೋರ್ಟು, ಕರಿಕೋಟು, ಕೇಸು ಎಂದು ಹತ್ತು ಕೊಂಡಿಗಳು ಸಿಗುತ್ತವೆ. ವ್ಯಕ್ತಿಯ ಹೆಸರಿಗೆ ಆ ಮುಖದೊಂದಿಗೆ ಇರುವುದು ಒಂದೇ ಕೊಂಡಿ, ಅದೂ ಕಾರಣವಿಲ್ಲದ್ದು. ವಯಸ್ಸಾದಂತೆ ಇದು ಹೆಚ್ಚುವುದು ಸಹಜ.

ತಪ್ಪು ಹೆಸರೊಂದು ಪದೇ ಪದೇ ಬಂದು ಅಡ್ಡ ನಿಂತರೆ ಗುದ್ದಾಡಬೇಡಿ, ಪ್ರತಿ ಸಲ ಕರೆದಾಗಲೂ ಅದೇ ಬಲವಾಗುತ್ತದೆ. ವರ್ಣಮಾಲೆಯನ್ನು ಅ, ಆ, ಇ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋಗಿ. ಒಂದು ಅಕ್ಷರದಲ್ಲಿ ತಟಕ್ಕನೆ ಹೊಳೆಯುವುದುಂಟು. ಹೊಳೆಯದಿದ್ದರೆ ಕೇಳಿ ಅಥವಾ ಹುಡುಕಿ ನೋಡಿ, ಸಿಕ್ಕ ಮೇಲೆ ಒಂದೆರಡು ಸಲ ಗಟ್ಟಿಯಾಗಿ ಹೇಳಿ. ಮೇಲಿನ ವಿದ್ಯಾರ್ಥಿಗೆ ತಿಣುಕಾಡಲು ಹೇಳಿ ನಿಮಗೆ ಬೇಡವೆನ್ನುತ್ತಿದ್ದೇವಲ್ಲ ಎನ್ನಬೇಡಿ. ಪೂರ್ತಿ ಸಿಕ್ಕಿಹಾಕಿಕೊಂಡ ಪದದ ಮೇಲೆ ಹೆಚ್ಚು ಹೊತ್ತು ನಿಂತರೆ ಮುಂದಿನ ಸಲವೂ ಅಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ಪ್ರಯೋಗಗಳಲ್ಲಿ ಕಂಡಿದೆ.

ವೈದ್ಯರನ್ನು ಕಾಣಬೇಕಾದ ಸೂಚನೆಗಳು ಬೇರೆಯೇ. ಒಂದೇ ಪ್ರಶ್ನೆಯನ್ನು ಅದೇ ದಿನ ಹಲವು ಸಲ ಕೇಳುವುದು, ದಿನವೂ ಓಡಾಡುವ ದಾರಿ ತಪ್ಪುವುದು, ಹಣದ ಲೆಕ್ಕದಲ್ಲಿ ಹೊಸದಾಗಿ ಎಡವುವುದು, ನಿಮಗಿಂತ ಮೊದಲು ಮನೆಯವರಿಗೆ ಬದಲಾವಣೆ ಕಾಣುವುದು. ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ನಿದ್ದೆಮಾತ್ರೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಗಂಟೆಗಳೊಳಗೆ ದಿಢೀರನೆ ಗೊಂದಲ ಶುರುವಾದರೆ ಅಥವಾ ಮಾತು ತೊದಲಿದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಪ್ರಶ್ನೆ: ಚಿಕ್ಕಂದಿನ ಒಂದು ಘಟನೆಯನ್ನು ನಾನೊಂದು ರೀತಿ, ಅಕ್ಕ ಇನ್ನೊಂದು ರೀತಿ ಹೇಳುತ್ತೇವೆ. ಇಬ್ಬರಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಬಹುಶಃ ಯಾರೂ ಅಲ್ಲ. ನೆನಪಿಸಿಕೊಳ್ಳುವಾಗ ಮಿದುಳು ಉಳಿದಿರುವ ಚೂರುಗಳನ್ನು ಜೋಡಿಸಿ, ನಡುವಿನ ಜಾಗವನ್ನು ‘ಹೀಗೇ ಆಗಿರಬೇಕು’ ಎಂಬ ಊಹೆಯಿಂದ, ಆಮೇಲೆ ಕೇಳಿದ ಮಾತಿನಿಂದ ತುಂಬುತ್ತದೆ. ತುಂಬಿದ್ದು ಯಾವುದು, ಮೊದಲಿನಿಂದ ಇದ್ದದ್ದು ಯಾವುದು ಎಂಬ ಗುರುತು ಒಳಗಿನಿಂದ ಸಿಗುವುದಿಲ್ಲ.

ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಕೆಲವರಿಗೆ ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು’ ಎಂದೂ, ಬೇರೆಯವರಿಗೆ ‘ನುಜ್ಜುಗುಜ್ಜಾಗುವಂತೆ ಅಪ್ಪಳಿಸಿದಾಗ’ ಎಂದೂ ಕೇಳಿದರು. ಎರಡನೆಯವರು ಹೇಳಿದ ವೇಗ ಜಾಸ್ತಿ. ಇನ್ನೊಂದು ಸುತ್ತಿನ ಪ್ರಯೋಗದಲ್ಲಿ ವಾರದ ನಂತರ ‘ಒಡೆದ ಗಾಜು ಕಂಡಿರಾ’ ಎಂದು ಕೇಳಿದರೆ, ‘ಅಪ್ಪಳಿಸಿದಾಗ’ ಎಂಬ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ಹೌದೆಂದರು. ‘ಗುದ್ದಿದಾಗ’ ಎಂದು ಕೇಳಿಸಿಕೊಂಡವರಲ್ಲಿ 7. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಭಾವನೆ ತೀವ್ರವಾಗಿದ್ದರೆ ನೆನಪು ನಿಖರ ಎಂಬುದೂ ಖಾತ್ರಿಯಿಲ್ಲ. 1986ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಸ್ಫೋಟಿಸಿದ ಮರುದಿನ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಮತ್ತೆ ಕೇಳಿದರೆ, ನಾಲ್ವರಲ್ಲಿ ಒಬ್ಬರ ಉತ್ತರದ ಮುಖ್ಯ ವಿವರಗಳೆಲ್ಲ ಬದಲಾಗಿದ್ದವು. ತಪ್ಪಿದವರಲ್ಲೂ ಎಷ್ಟೋ ಮಂದಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ನಂಬಿಕೆ.

ನಿಮಗೂ ಅಕ್ಕನಿಗೂ ನಿಜಕ್ಕೂ ತಿಳಿಯುವ ಆಸೆಯಿದ್ದರೆ ಒಬ್ಬರಿಗೊಬ್ಬರು ಮಾತಾಡದೆ ಬೇರೆ ಬೇರೆಯಾಗಿ ಬರೆಯಿರಿ. ಕಂಡದ್ದು, ಯಾರೋ ಹೇಳಿದ್ದು, ಊಹೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಮೂರನೆಯವರನ್ನು ಕೇಳುವಾಗ ‘ಆವತ್ತು ಮಳೆ ಬರುತ್ತಿತ್ತಲ್ಲವಾ’ ಎನ್ನದೆ ‘ಆವತ್ತು ಏನಾಯಿತು’ ಎಂದಷ್ಟೇ ಕೇಳಿ. ಹಳೇ ಫೋಟೊ ಜಾಗ ಮತ್ತು ಜನರಿಗೆ ಸಾಕ್ಷಿಯಾಗಬಹುದು. ಆದರೆ ಫೋಟೊ ನೋಡಿ ನೋಡಿಯೇ ಹುಟ್ಟಿದ ನೆನಪುಗಳೂ ಇರುತ್ತವೆ, ಎಚ್ಚರ.

ಪ್ರಶ್ನೆ: ಬೀಗದ ಕೈ ಮೇಜಿನ ಮೇಲೇ ಇತ್ತು. ಮೂರು ಸಲ ನೋಡಿದರೂ ಕಾಣಲಿಲ್ಲ. ಕಣ್ಣು ಸರಿಯಾಗಿದೆ ಎಂದು ವೈದ್ಯರು ಹೇಳಿದ್ದಾರೆ.

ಉತ್ತರ: ಕಣ್ಣಿಗೆ ಬಿದ್ದದ್ದೆಲ್ಲ ಅರಿವಿಗೆ ಬರುವುದಿಲ್ಲ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಒಂದು ಕ್ಷಣದಲ್ಲಿ ತೀರಾ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಮ್ಮಿ ಅಷ್ಟಗಲದ ಜಾಗ, ಸುಮಾರು 2 ಡಿಗ್ರಿ. ಸೆಕೆಂಡಿಗೆ ಮೂರರಷ್ಟು ಸಲ ಕಣ್ಣು ನೆಗೆಯುತ್ತ ಉಳಿದದ್ದನ್ನು ಹೆಕ್ಕುತ್ತದೆ, ಇಡೀ ಮೇಜು ಕಂಡಿತೆಂಬ ಭಾವನೆಯನ್ನು ಮಿದುಳು ಕಟ್ಟಿಕೊಡುತ್ತದೆ.

ಮಿದುಳಿನ ಈ ತೇಪೆ ಕೆಲಸವನ್ನು ನೀವೇ ಹಿಡಿಯಬಹುದು. ಬಿಳಿ ಹಾಳೆಯಲ್ಲಿ ಎಡಕ್ಕೊಂದು ಕೂಡಿಸುವ ಚಿಹ್ನೆ, ಅದರ ಬಲಕ್ಕೆ 7 ಸೆಂ.ಮೀ. ದೂರದಲ್ಲಿ ಅರ್ಧ ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು 40 ಸೆಂ.ಮೀ.ನಿಂದ ನಿಧಾನವಾಗಿ ಹತ್ತಿರ ತನ್ನಿ. 25 ಸೆಂ.ಮೀ. ಸುತ್ತಮುತ್ತ ಚುಕ್ಕೆ ಮಾಯ. ದೃಷ್ಟಿನರ ಅಕ್ಷಿಪಟವನ್ನು ಬಿಟ್ಟು ಹೊರಡುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳಿಲ್ಲ. ಅಲ್ಲಿ ತೂತು ಕಾಣಬೇಕಿತ್ತು, ಕಾಣುವುದು ಬಿಳಿ ಹಾಳೆ. ಪ್ರಯೋಗ ಕೈಕೊಟ್ಟರೆ ಕಾರಣ ಸಾಮಾನ್ಯವಾಗಿ ಒಂದೇ: ದೃಷ್ಟಿ ಚುಕ್ಕೆಯ ಕಡೆ ಜಾರಿರುತ್ತದೆ.

ಬೀಗದ ಕೈ ಹುಡುಕುವಾಗ ಮೇಜನ್ನು ಒಟ್ಟಾಗಿ ನೋಡುವುದು ಬಿಟ್ಟು, ಅಂಗೈ ಅಗಲದ ಪಟ್ಟಿಗಳಂತೆ ಎಡದಿಂದ ಬಲಕ್ಕೆ ನೋಟ ಹಾಯಿಸಿ. ವಸ್ತುವಿನ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುವುದೂ ನೆರವಾಗುತ್ತದೆ.

ಪ್ರಶ್ನೆ: ಮಗನಿಗೆ ಮೊಬೈಲ್‌ನ ಐಕ್ಯೂ ಪರೀಕ್ಷೆಯಲ್ಲಿ 142 ಬಂದಿದೆ. ನಂಬಬಹುದೇ?

ಉತ್ತರ: ಇಲ್ಲ. ಐಕ್ಯೂ ಎನ್ನುವುದು ಅದೇ ವಯಸ್ಸಿನವರೊಂದಿಗಿನ ಹೋಲಿಕೆ. ಸರಾಸರಿ 100, ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) 15. ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೆ. 142 ಎಂದರೆ ಸುಮಾರು 400 ಮಂದಿಯಲ್ಲಿ ಒಬ್ಬ. ಹೋಲಿಸಲು ಸರಿಯಾಗಿ ಆರಿಸಿದ ದೊಡ್ಡ ಗುಂಪು ಬೇಕು, ಆ್ಯಪ್‌ಗಳು ಅದನ್ನು ತೋರಿಸುವುದು ಅಪರೂಪ. ಒಂದೇ ಬಗೆಯ ಒಗಟುಗಳನ್ನು ಬಿಡಿಸುತ್ತ ಹೋದರೆ ಅಂಕ ಏರುತ್ತದೆ, ಅದರಿಂದ ಬೇರೆ ಕೆಲಸದ ಯೋಚನೆ ಚುರುಕಾಗುವುದು ಕಡಿಮೆ. ಒಳ್ಳೆಯ ಪರೀಕ್ಷೆಯ ಅಂಕಕ್ಕೂ ನಾಲ್ಕೈದು ಅಂಕಗಳ ಆಚೀಚೆ ಇರುತ್ತದೆ.

ಆಲ್ಫ್ರೆಡ್ ಬಿನೆ 1905ರಲ್ಲಿ ಮೊದಲ ಮಾಪನ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಇವತ್ತಿಗೂ ಅದರ ಒಳ್ಳೆಯ ಬಳಕೆ ಅದೇ. ಮಗನಿಗೆ ಕಲಿಕೆಯಲ್ಲಿ ತೊಂದರೆ ಕಂಡರೆ ತರಬೇತಾದ ಮನಶ್ಶಾಸ್ತ್ರಜ್ಞರಿಂದ ಎದುರಾಎದುರು ಪರೀಕ್ಷೆ ಮಾಡಿಸಿ, ಯಾವ ಪರೀಕ್ಷೆ, ಅದರ ಮಾನದಂಡ (ಹೋಲಿಕೆಗೆ ಬಳಸುವ ಗುಂಪಿನ ಅಂಕಗಳು) ಯಾವ ವರ್ಷದ್ದು ಎಂದು ಕೇಳಿ. ಮಾನದಂಡ ಹಳೆಯದಾದಷ್ಟೂ ಅಂಕ ಉಬ್ಬುತ್ತದೆ. ಏಕೆಂದರೆ 20ನೇ ಶತಮಾನದ ಬಹುಭಾಗ ಹಲವು ದೇಶಗಳಲ್ಲಿ ಸರಾಸರಿ ದಶಕಕ್ಕೆ 3 ಅಂಕದಷ್ಟು ಏರಿತ್ತು. ವರದಿಯಲ್ಲಿ ಒಟ್ಟು ಅಂಕಕ್ಕಿಂತ ಉಪವಿಭಾಗಗಳನ್ನು ನೋಡಿ. ಭಾಷೆಯಲ್ಲಿ ಮುಂದಿದ್ದು ವೇಗದಲ್ಲಿ ಹಿಂದಿದ್ದರೆ, ಪರೀಕ್ಷೆಯಲ್ಲಿ ಅವನಿಗೆ ಬೇಕಿರುವುದು ಹೆಚ್ಚಿನ ಸಮಯ. ತೊಂದರೆಯೇ ಇಲ್ಲದಿದ್ದರೆ ಪರೀಕ್ಷೆಯ ಅಗತ್ಯವೂ ಇಲ್ಲ.